ಯಾವಾಗಿಂದ?

ಮನೋರೋಗ ವಿಭಾಗದಲ್ಲಿ ಎರಡು ವಾರದ ಪಾಳಿ.
ಮೂರನೇ ದಿನಕ್ಕೇ ಬಾಗಲಕೋಟೆ ನವನಗರದ ಮಂದಿಯೆಲ್ಲ
ನನ್ನ ಕಣ್ಣಿಗೆ ರೋಗಿಗಳು:
ಚಿಲ್ಲರೆಯನ್ನು ಮೂರು ಸಲ ಎಣಿಸುವ ಕಂಡಕ್ಟರ್,
ಬೇರೆಯವರು ಮುಟ್ಟಿದ ತಟ್ಟೆಯಲ್ಲಿ ಉಣ್ಣದ ಮೆಸ್ಸಿನ ಅಕ್ಕ,
ಫೋನಿನಲ್ಲಿ ತನ್ನನ್ನೇ ಹೊಗಳಿಕೊಳ್ಳುವ ಸೋದರಮಾವ.
ರೂಮಿನ ತಹಸೀನ್‌ಗೆ ಎರಡು ಕಾಯಿಲೆ ಕೊಟ್ಟೆ,
ನನಗೆ ನಾಲ್ಕು ಇಟ್ಟುಕೊಂಡೆ.

ಬುಧವಾರ ಗುಳೇದಗುಡ್ಡದಿಂದ ಬಂದ ಮಾಗುಂಡಪ್ಪ,
ಅರವತ್ತೆಂಟು ವರ್ಷ, ಕುಣಿಮಗ್ಗದ ನೇಕಾರ.
ಮಗನ ದೂರು: 'ಅಪ್ಪ ಎಲ್ಲಾ ಎಣಸ್ತಾನ್ರಿ.
ಮೆಟ್ಟಲಾ, ಮಾಳಿಗಿ ಜಂತಿ, ಉಣ್ಣೂಮುಂದ ತುತ್ತು.
ಒಂದು ಎಳಿ ತಪ್ಪಿದ್ರ ಗೇಣು ಖಣ ಬಿಚ್ಚಿ ಮತ್ತ ನೇಯ್ತಾನ.'
ನನ್ನ ಪೆನ್ನು ಆಗಲೇ ರೋಗದ ಹೆಸರು ಬರೆದು
ಕೆಳಗೆ ಎರಡು ಗೆರೆ ಎಳೆದಿತ್ತು.

ಕಮತಗಿ ಮೇಡಂ ನನ್ನ ಹಾಳೆ ನೋಡಲಿಲ್ಲ.
ಮುದುಕನ ಬೆರಳು ನೋಡಿದರು.
'ಎಣಸೂದು ಬಿಟ್ರ ಏನಾಗ್ತೈತಿ, ಅಜ್ಜಾ?'
'ಏನಾಗೂದೈತ್ರಿ? ಖಣದಾಗ ಹೂವು ಸೊಟ್ಟ ಆಕ್ಕೈತಿ.'
'ನಿದ್ದಿ?'
'ಗೊರಕಿ ಹೊಡೀತೀನಿ, ಓಣಿ ಮಂದಿನ್ನ ಕೇಳ್ರಿ.'
'ಯಾವಾಗಿಂದ ಹಿಂಗ ಎಣಸ್ತಿ?'
ಮುದುಕ ನಕ್ಕ: 'ನಮ್ಮಪ್ಪ ಕುಣ್ಯಾಗ ಇಳಿಸಿದಾಗಿಂದ.
ಆಗ ನನ್ನ ಕಾಲು ನೆಲಕ್ಕ ನಿಲುಕತಿರಲಿಲ್ಲ.'

ಗೋಡೆಯ ಬದಿಗೆ ಫೈಲು ಹಿಡಿದು ನಿಂತಿದ್ದಳು ಸೊಸೆ.
ಯಾರೂ ಕೂಡು ಅಂದಿರಲಿಲ್ಲ.
ಕಂಕುಳ ಕೂಸಿನ ಅಂಗಿಗೆ
ಗುಂಡಿ ಒಂದು ಮನೆ ತಪ್ಪಿ ಬಿದ್ದಿತ್ತು.
'ನಿನ್ನ ಹೆಸರೇನವಾ?'
ಗಂಡನೇ ಹೇಳಿದ: 'ದಾನೇಶ್ವರಿ ರೀ. ಮಾತು ಕಡಿಮಿ.
ಆಕೀ ಸ್ವಭಾವನ ಹಂಗ.'
'ಯಾವಾಗಿಂದ?'

ಅದೇ ಪ್ರಶ್ನೆ, ಅದೇ ದನಿ.
ಗಂಡ ಬಾಯಿ ತೆರೆದ, ಮುಚ್ಚಿದ.
ಹೊರಗೆ ಯಾರೋ ಯಾರದೋ ನಂಬರು ಕೂಗಿದರು.
ಉತ್ತರ ಕೊಟ್ಟವನು ಮುದುಕ:
'ಕೂಸು ಹುಟ್ಟಿ ನೂರಾ ಹದಿಮೂರು ದಿನ ಆತ್ರಿ.
ಮೊದಲ ಈಕಿ ನಗಿ
ನಾಕು ಮಗ್ಗದ ಸಪ್ಪಳ ದಾಟಿ ಕೇಳತಿತ್ತು.
ಎಂಬತ್ತು ದಿನ ಆತು, ನಾ ಕೇಳಿಲ್ಲ.'

ಮೇಡಂ ಕುರ್ಚಿ ಎಳೆದು ಆಕೆಗೆ ಕೊಟ್ಟರು,
ಗಂಡಸರನ್ನು ಹೊರಗೆ ಕಳಿಸಿದರು,
ಕೂಸನ್ನು ನನ್ನ ಕೈಗಿತ್ತರು.
ಆಮೇಲಿನ ಮಾತು ಇಲ್ಲಿ ಬರೆಯುವಂಥದ್ದಲ್ಲ.
ನಾನು ಗುಂಡಿ ಬಿಚ್ಚಿ,
ಕೆಳಗಿನಿಂದ ಒಂದೊಂದೇ ಹಾಕುತ್ತ ಬಂದೆ.

ರಾತ್ರಿ, ಬರೆದ ಹೆಸರು ಹೊಡೆದುಹಾಕಿದೆ.
ಆ ಎರಡು ಗೆರೆಯ ಅಚ್ಚು ಮಾತ್ರ
ಮುಂದಿನ ಮೂರು ಹಾಳೆಗೂ ಇಳಿದಿತ್ತು.
ಬಾಗಿಲ ಚಿಲಕ ಎಳೆದು ನೋಡಿದೆ,
ಎರಡು ಸಲ, ಮೂರು ಸಲ.
ಅವ್ವಗೆ ಫೋನು ಹಚ್ಚಿದೆ:
'ಸಣ್ಣಾಕಿದ್ದಾಗೂ ನಾ ಹಿಂಗ ಇದ್ದೆನು?'
'ಇದಕ್ಕಿಂತ ಹೆಚ್ಚಿಗಿದ್ದಿ. ಊಟಾತ?'

ನಗುತ್ತ ದೀಪ ಆರಿಸಿದೆ.
ಆಚೆ ಮಂಚದಲ್ಲಿ ತಹಸೀನ್
ಗೋಡೆಗೆ ಮುಖ ಮಾಡಿ ಮಲಗಿದ್ದಳು, ಎಚ್ಚರವಾಗಿಯೇ.
ಇವತ್ತಷ್ಟೇ ಅಲ್ಲ.
ಎಷ್ಟು ದಿನವಾಯಿತೆಂದು
ನಾನು ಎಣಿಸಿರಲಿಲ್ಲ.