ಕುಳೆಂ ಶೆಡ್ಡಿನ ತಿರುಗಣಿ

ನಾನು ಹುಟ್ಟಿದ ತಾರೀಖು ಯಾರೂ ಬರೆದಿಟ್ಟಿರಲಿಲ್ಲ.
ಶಾಲೆಯಲ್ಲಿ ಕೇಳಿದಾಗ ಅಪ್ಪ
ಲೋಕೋ ಶೆಡ್ಡಿನ ರಿಜಿಸ್ಟರು ತೆಗೆಸಿದ:
ಬಾಣಂತಿಯ ಬಾಯ್ಲರ್ ತೊಳೆದ ದಿನ.

ಬಾಣಂತಿ ಅಂದರೆ ಎಂಜಿನ್ನು.
ಹದಿನೈದು ದಿನಕ್ಕೊಮ್ಮೆ ಬಂದು ಮಲಗುತ್ತಿತ್ತು.
ಬಿಸಿನೀರು, ಹೊಗೆ, ಎಣ್ಣೆ, ಕತ್ತಲ ಕೋಣೆ,
ಸುತ್ತ ನಾಲ್ಕು ಜನರ ಆರೈಕೆ.
ಇನ್ನೊಂದು ಕುಂಟಿ. ಎಡಗಡೆಯ ರಾಡು ಕಟಕ್ ಅನ್ನುತ್ತಿತ್ತು.
ಆದರೂ ಘಟ್ಟಕ್ಕೆ ಹಿಂದಿನಿಂದ ನೂಕಲು
ಅದೇ ಬೇಕೆಂದು ಹಟ ಹಿಡಿಯುತ್ತಿದ್ದ
ಡ್ರೈವರ್ ಕಾಯ್ತಾನ್ ಬರೆಟೊ.
ನಂಬರು ಎಲ್ಲಕ್ಕೂ ಇತ್ತು. ಕರೆದವರಿಲ್ಲ.

ಅಪ್ಪ ಕಾಲ್‌ಬಾಯ್.
ಐವತ್ತೇಳು ತುಂಬಿದರೂ ಬಾಯ್.
ನಡುರಾತ್ರಿ ಕಂದೀಲು ಹಿಡಿದು ಕ್ವಾರ್ಟರ್ಸಿನ ಬಾಗಿಲು ಬಡಿದು
ಡ್ರೈವರನನ್ನು ಕೊಂಕಣಿಯಲ್ಲಿ, ಫೈರ್‌ಮನ್ನನನ್ನು ಕನ್ನಡದಲ್ಲಿ ಎಬ್ಬಿಸಿ,
ಇಬ್ಬರಿಂದಲೂ ಬೈಸಿಕೊಂಡು,
ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಬರುತ್ತಿದ್ದ.
ಓದು ಬರುತ್ತಿರಲಿಲ್ಲ ಅವನಿಗೆ.
ಯಾವ ಸಹಿ ಎಷ್ಟು ನಿದ್ದೆಯಲ್ಲಿದೆ
ಎಂಬುದು ಮಾತ್ರ ಗೊತ್ತಾಗುತ್ತಿತ್ತು.

ಶೆಡ್ಡಿನ ಎದುರು ದುಂಡನೆಯ ಗುಂಡಿ,
ಗುಂಡಿಯ ಮೇಲೆ ತಿರುಗಣಿ.
ಪೋರ್ಚುಗೀಜರ ಕಾಲದಲ್ಲಿ ಯಾವುದೋ ಹಡಗು
ಮುರಗಾಂವಿನಲ್ಲಿ ಇಳಿಸಿ ಹೋದದ್ದು.
ಕಬ್ಬಿಣದ ಮೇಲಿನ ಅಕ್ಷರ ಸವೆದು
ನನ್ನ ಕಾಲಕ್ಕೆ ಬೆರಳಿಗಷ್ಟೇ ಸಿಗುತ್ತಿತ್ತು.
ಅರವತ್ತು ಟನ್ನಿನ ಎಂಜಿನ್ನು
ತೂಕ ಸರಿ ನೋಡಿ ನಿಂತರೆ
ತಿರುಗಿಸಲು ಇಬ್ಬರು ಸಾಕು.
ಗೇಣು ಹಿಂದುಮುಂದಾದರೆ
ಊರಿಗೆ ಊರೇ ಬಂದು ನೂಕಿದರೂ ಅಲ್ಲಾಡದು.

ಒಮ್ಮೆ ಬರೆಟೊ ಕರೆದು, ನೂಕು ಅಂದ.
ನೂಕಿದೆ.
ಎಂಟು ವರ್ಷದ ನನ್ನ ಕೈಗೆ ಬಾಣಂತಿ
ಘಟ್ಟದಿಂದ ಕಡಲಿನ ಕಡೆಗೆ ಮುಖ ತಿರುಗಿಸಿತು!
ಆ ತುದಿಯಲ್ಲಿ ಖಲಾಸಿ ಹುಸೇನಸಾಬ
ಹಲ್ಲು ಕಚ್ಚಿ ನೂಕುತ್ತಿದ್ದದ್ದು
ಬಹಳ ವರ್ಷದ ಮೇಲೆ ತಿಳಿಯಿತು.

ಅವ್ವ ಬೂದಿಗುಂಡಿಯಲ್ಲಿ ಅರೆಬೆಂದ ಕಲ್ಲಿದ್ದಲು ಆರಿಸುತ್ತಿದ್ದಳು.
ಘಟ್ಟ ಹತ್ತಿ ಇಳಿದ ಬೆಂಕಿ
ಎರಡನೆಯ ಸಲ ನಮ್ಮ ಒಲೆಯಲ್ಲಿ ಉರಿಯಿತು.
ಅನ್ನಕ್ಕೆ ಗಂಧಕದ ವಾಸನೆ.
ಅದಿಲ್ಲದ ಅನ್ನ ಈಗಲೂ
ಉಪ್ಪು ಕಡಿಮೆ ಅನಿಸುತ್ತದೆ.

ಡೀಸೆಲ್ ಬಂತು. ಅದನ್ನು ತಿರುಗಿಸಬೇಕಾಗಿಲ್ಲ,
ಹಿಂದೆಯೂ ಮುಂದೆಯೂ ಅದೇ ಓಟ.
'ಬೆನ್ನು ಮುಖ ಒಂದೇ ಆದವರನ್ನು ನಂಬಬೇಡ' ಅಂದ ಬರೆಟೊ,
ಮರುವಾರ ಅದನ್ನೇ ಕಲಿಯಲು ಹುಬ್ಬಳ್ಳಿಗೆ ಹೋದ.
ಕುಂಟಿಗೆ ಗ್ಯಾಸ್ ಕಟರಿನವರು ಬಂದರು.
ಬಾಣಂತಿಯನ್ನು ತಣ್ಣಗೆ, ನೀರಿಲ್ಲದೆ ಎಳೆದೊಯ್ದರು.
ಎಲ್ಲಿಗೆಂದು ಅಪ್ಪನ ಪುಸ್ತಕಕ್ಕೆ ಯಾರೂ ಸಹಿ ಹಾಕಲಿಲ್ಲ.
ಆಮೇಲೆ ಹಳಿಯೇ ಅಗಲವಾಯಿತು.

ಹೋಗುವ ವರ್ಷ ಅಪ್ಪ ಹೇಳಿದ:
ಆ ದಿನ ತೊಳೆದದ್ದು ಕುಂಟಿಯನ್ನಿರಬೇಕು, ನೆನಪು ತಪ್ಪಿತು.
ಅಂದರೆ ನನ್ನ ವಯಸ್ಸು ಒಂಬತ್ತು ದಿನ ಹೆಚ್ಚೋ ಕಡಿಮೆಯೋ.
ನೋಡಲು ರಿಜಿಸ್ಟರಿಲ್ಲ,
ರದ್ದಿಯವನು ತೂಗಿಕೊಂಡು ಹೋಗಿದ್ದಾನೆ.

ಮೊನ್ನೆ ಹೋಗಿದ್ದೆ. ಗುಂಡಿಯ ತುಂಬ ಮಳೆನೀರು.
ತಿರುಗಣಿಯ ತುದಿಗೆ ಕೈ ಹಚ್ಚಿ ನೂಕಿದೆ.
ಮೇಲೆ ಎಂಜಿನ್ನಿರಲಿಲ್ಲ,
ಆ ತುದಿಗೆ ಯಾರೂ ಇರಲಿಲ್ಲ.
ಅಂಗೈಗೆ ತುಕ್ಕು ಹತ್ತಿತು.
ಅದನ್ನು ಹಾಗೇ ಉಳಿಸಿಕೊಂಡೆ ಅಂದರೆ ಸುಳ್ಳು,
ಅಲ್ಲೇ ಗುಂಡಿಯ ನೀರಲ್ಲಿ ತೊಳೆದೆ.
ಕಪ್ಪೆಗಳು ಹಾರಿದವು.