ಎರಡೂ ಕಡೆ ಜೆರಾಕ್ಸ್

ಮಂಡ್ಯದ ಡೀಸಿ ಆಫೀಸಿನ ಎದುರು, ಬೇವಿನ ಮರಕ್ಕೆ ಆತುಕೊಂಡ
ಮರಿಗೌಡರ ಅಂಗಡಿಯಲ್ಲಿ ನನಗೆ ಕೆಲಸ.
ಒಂದು ಕಡೆಗೆ ಎರಡು ರೂಪಾಯಿ, ಹಿಂದೆ ಮುಂದೆ ಆದರೆ ಮೂರು.
ಪಹಣಿ, ವಂಶವೃಕ್ಷ, ಸತ್ತವರ ದಾಖಲೆ
ನನ್ನ ಅಂಗೈ ಕೆಳಗೆ ಬಿಸಿಬಿಸಿಯಾಗಿ ಹೊರಬರುತ್ತವೆ.
ಬಿನ್ ಎಲ್ಲಿ, ಕೋಂ ಎಲ್ಲಿ, ಯಾವ ಗೆರೆಯ ಮೇಲೆ ಸಹಿ,
ಕಣ್ಣು ಮುಚ್ಚಿ ತೋರಿಸಬಲ್ಲೆ.
ಗಡಿಬಿಡಿಯ ಜನ. ಒರಿಜಿನಲ್ಲನ್ನು ಗಾಜಿನ ಮೇಲೇ ಬಿಟ್ಟು ಹೋಗುತ್ತಾರೆ,
ಹಿಂದಿನಿಂದ ಓಡಿಹೋಗಿ ಕೊಟ್ಟು ಬರುತ್ತೇನೆ.

ನನ್ನದೊಂದು ಅರ್ಜಿ ಮಾತ್ರ
ಹನ್ನೊಂದು ತಿಂಗಳಿಂದ ರಸ್ತೆ ದಾಟಿ, ರಸ್ತೆ ದಾಟಿ ವಾಪಸ್ಸು ಬರುತ್ತಿದೆ.

ಮೊದಲ ಸಲ, ಫೋಟೋದಲ್ಲಿರೋದು ಯಾರು?
ಆಮೇಲೆ, ನಿಂಗರಾಜು ಬಿನ್ ಬೋರಯ್ಯ ಅಂತದೆ, ಈ ಇಂಚರ ಯಾರು?
ಮೂರನೆಯ ಸಲ ಗುಮಾಸ್ತರು ನಗಲಿಲ್ಲ.
ಅದೇ ಹೆಚ್ಚು ಹೆದರಿಸಿತು.
"ಹೊಸ ರೂಲು ಬಂದದೆ ಕಣಮ್ಮ.
ನೀನು ಯಾರು ಅಂತ ನೀನು ಹೇಳಿದ್ರೆ ಸಾಲದು,
ಡಾಕ್ಟ್ರು ಹೇಳ್ಬೇಕು."
ಕಣಮ್ಮ ಅಂದರು.
ಅದೊಂದನ್ನೇ ಹಿಡಿದುಕೊಂಡು ಮೆಟ್ಟಿಲು ಇಳಿದೆ.

ಬೆಳಗಿನ ರೈಲು. ಯಲಿಯೂರು, ಪಾಂಡವಪುರ,
ಶ್ರೀರಂಗಪಟ್ಟಣದಲ್ಲಿ ಹೊಳೆಯ ಮೇಲೆ ಒಂದು ಗಳಿಗೆ ತಣ್ಣಗೆ,
ಮೈಸೂರಿನ ದೊಡ್ಡಾಸ್ಪತ್ರೆ.
ಚೀಟಿ ಬರೆಸಲು ಎರಡು ಸಾಲು, ಗಂಡಸರು, ಹೆಂಗಸರು.
ನಡುವಿನ ಕಂಬಕ್ಕೆ ಒರಗಿ ನಿಂತೆ,
ಕಂಬಕ್ಕೂ ಒಂದು ಸಾಲು ಉಂಟೇನೋ ಎಂಬ ಹಾಗೆ.
ನರಸೀಪುರದ ಕಡೆಯ ಮುದುಕಿ ಸೆರಗು ಎಳೆದುಕೊಂಡು ಜಾಗ ಬಿಟ್ಟಳು:
"ನಿಂತ್ಕೊ ಮಗ. ಕಾಲು ನೋಯೋದು ಎಲ್ಲರ್ಗೂ ಒಂದೇಯ."

ಡಾಕ್ಟರಮ್ಮ ಕೆಟ್ಟವರಲ್ಲ. ನನಗಿಂತ ಆರೇಳು ವರ್ಷ ದೊಡ್ಡವರು ಅಷ್ಟೆ.
ಗೆಳತಿಯ ಅಂದಾಜಿನ ಮೇಲೆ ನಾನು ನುಂಗುತ್ತಿದ್ದ
ಮಾತ್ರೆಯ ಖಾಲಿ ಹಾಳೆಯನ್ನು ತಿರುಗಿಸಿ ನೋಡಿದರು.
"ಹೀಗೆ ತಗೋಬಾರದು, ಲಿವರ್ ಹೋಗುತ್ತೆ."
ಹಾಗಾದ್ರೆ ನೀವೇ ಬರೆದುಕೊಡಿ ಮೇಡಂ, ಎಂದೆ.
ಪೆನ್ನಿನ ಮುಚ್ಚಳ ತೆಗೆದರು.
ಬಾಗಿಲ ಕಡೆ ನೋಡಿದರು.
ಮುಚ್ಚಳ ಹಾಕಿದರು.
"ಕಾರ್ಡಿಲ್ಲದೆ ಬರೆದ್ರೆ ನಾಳೆ ನನ್ನನ್ನ ಕೇಳ್ತಾರಮ್ಮ."

ಕಾರ್ಡಿಗೆ ಡಾಕ್ಟರ ಪತ್ರ.
ಪತ್ರಕ್ಕೆ ಕಾರ್ಡು.
ನಮ್ಮೂರ ಆಲೆಮನೆಯಲ್ಲಿ ಈ ಕಡೆ ಕಬ್ಬು ಕೊಟ್ಟರೆ
ಆ ಕಡೆ ಹಾಲಾದರೂ ಇಳಿಯುತ್ತದೆ.
ಇಲ್ಲಿ ಬರೀ ರಚ್ಚು.

ರಾತ್ರಿ ಅವ್ವನ ಫೋನು. ಉಂಡ್ಯಾ, ಎನ್ನುವುದಿಲ್ಲ ಈಗೀಗ,
"ಮಾತ್ರೆ ತಕ್ಕೊಂಡ್ಯಾ?" ಎನ್ನುತ್ತಾಳೆ.
ಯಾವ ಮಾತ್ರೆ, ಯಾಕೆ ಮಾತ್ರೆ, ಎಂದೂ ಕೇಳಿಲ್ಲ.
ಸಿಗುತ್ತಿಲ್ಲ ಎಂದು ಹೇಳಲಾರದೆ
ಹೂಂ ಎಂದೆ.

ಇವತ್ತು ಕೆರಗೋಡಿನಿಂದ ಒಬ್ಬ ಬಂದಿದ್ದ.
ಹದಿನೆಂಟು ತುಂಬಿ ವಾರ ಆಗಿರಬೇಕು,
ಅಣ್ಣನದೇ ಇರಬೇಕು, ಮೊಣಕೈ ದಾಟಿದ ಅಂಗಿ.
ಆಧಾರಿನಲ್ಲಿ ಎರಡು ಜಡೆ, ರಿಬ್ಬನ್ನು.
ಫೋಟೋದ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಂಡೇ ಚಾಚಿದ.
"ಎರಡೂ ಕಡೆನಾ ತಮ್ಮ?" ಎಂದೆ.
ತಮ್ಮ ಎಂದದ್ದಕ್ಕೆ ಅವನ ಬೆರಳು ತಾನಾಗಿ ಸರಿಯಿತು.

ಗಾಜಿನ ಮೇಲೆ ಬೋರಲು ಹಾಕಿದೆ.
ಬೆಳಕು ಈ ತುದಿಯಿಂದ ಆ ತುದಿಗೆ ಹರಿಯಿತು,
ಯಾರನ್ನೂ ಏನೂ ಕೇಳದೆ.

ಮೂರು ರೂಪಾಯಿ ತೆಗೆದುಕೊಂಡೆ. ಪುಕ್ಕಟೆ ಕೊಟ್ಟರೆ
ಅಯ್ಯೋ ಪಾಪ ಅಂದಳೆಂದುಕೊಂಡಾನು.
ಅವನಾಗಲೇ ರಸ್ತೆಗೆ ಇಳಿದಿದ್ದ. ಕೂಗಿದೆ,
ಏಯ್, ಒರಿಜಿನಲ್ ಇಲ್ಲೇ ಅದೆ ಕಣೋ,
ಅದನ್ನ ಮಾತ್ರ ಎಲ್ಲೂ ಬಿಟ್ಟು ಬರ್ಬೇಡ.