ಖಾಲಿ ಬಾಟಲಿಯ ದರ

ಪೆನ್ಷನ್ ಮೊಹಲ್ಲಾದ ಹಿಂದಿನ ಓಣಿಯಲ್ಲಿ ನನ್ನ ತೊಟ್ಟಿ.
ಬಟ್ಟೆ ಸೋಡಾ ಕದಡಿ, ಬಿಸಿನೀರು ಬಿಟ್ಟು
ರಾತ್ರಿ ಮುಳುಗಿಸಿಟ್ಟರೆ
ಬೆಳಿಗ್ಗೆ ಮೇಲೆ ತೇಲುತ್ತವೆ
ಕೊಂಬಿನ ಜಿಂಕೆ, ಕೋಟೆ, ಯಾವುದೋ ದೊರೆಯ ಗಡ್ಡ,
ಹಿಮದ ಬೆಟ್ಟದ ಬುಗ್ಗೆನೀರು ಎಂದು ಆಣೆಯಿಟ್ಟ ಕಾಗದ.
ಬೊಗಸೆಯಲ್ಲಿ ಬಾಚಿ ಎಸೆಯುತ್ತೇನೆ.
ಕೆಳಗೆ ಉಳಿದದ್ದು ಗಾಜು. ಕೇಜಿ ಲೆಕ್ಕ.

ಬಾರಿನಿಂದ ಮೂಟೆ ಹೊತ್ತು ತರುವ ಉಗ್ರೇಶನಿಗೆ
ಗೊತ್ತಿಲ್ಲದ್ದಿಲ್ಲ:
ಬಣ್ಣ ಗಾಢವಾದಷ್ಟೂ ವಯಸ್ಸು ಹೆಚ್ಚಂತೆ,
ದುಬಾರಿಯದು ಕುಡಿದರೆ ಬೆಳಿಗ್ಗೆ ತಲೆ ಸಿಡಿಯುವುದಿಲ್ಲವಂತೆ,
ಲೋಟದ ಒಳಮೈಯಲ್ಲಿ ತಡವಾಗಿ ಇಳಿದರೆ ಅದೇ ಅಸಲಂತೆ,
ನೀರು ಬೆರೆಸಿದವನು ಗಂಡಸೇ ಅಲ್ಲವಂತೆ,
ಚಳಿಗೆ ಇದೇ ಕಂಬಳಿ.

ಬೆಲ್ಲ ಸುಟ್ಟರೂ ಬಣ್ಣ ಬರುತ್ತಲ್ಲಪ್ಪಾ, ಅಂದೆ.
ನನ್ನ ಗಂಡ ಚನ್ನರಾಯಪಟ್ಟಣದ ಕಡೆ
ಕಾಕಂಬಿ ಟ್ಯಾಂಕರು ಓಡಿಸಿದವನು.
ಬಾರ್ಲಿಯ ತೆನೆ ಬಿಡಿಸಿದ ಎಷ್ಟು ಬಾಟಲಿಗೆ
ಕಬ್ಬೇ ಹೆತ್ತವ್ವ ಅಂತ ಅವನಿಗೆ ಗೊತ್ತಿತ್ತು.
ಕಂಬಳಿಯ ಮಾತು ನಂಬಿ
ಜನವರಿಯ ಒಂದು ರಾತ್ರಿ ಮಹಾರಾಜ ಪಾರ್ಕಿನ
ಕಲ್ಲುಬೆಂಚಿನ ಮೇಲೆ ಮಲಗಿದವನೂ ಅವನೇ.
ಒಳಗೆ ಬೆಚ್ಚಗೆ ಅನ್ನಿಸಿತ್ತೇನೋ.
ನಾನು ಮುಟ್ಟಿದಾಗ ಬೆಂಚೂ ಅವನೂ ಒಂದೇ ತಣ್ಣಗೆ.

ಉಗ್ರೇಶ ಮೂಟೆ ಇಳಿಸಿ ಬೀಡಿ ಹುಡುಕಿದ.

ಹೋದ ಸೋಮವಾರ ದನದ ಡಾಕ್ಟರು ಚಂದ್ರಹಾಸಪ್ಪ ಬಂದರು,
ಟವಲಿನಲ್ಲಿ ಎಳೆಗೂಸಿನಂತೆ ಸುತ್ತಿದ ಬಾಟಲಿ,
ಸೀಲು ಒಡೆದಿಲ್ಲ.
‘ಕೊಂಡಾಗ ಇದಕ್ಕೆ ಹನ್ನೆರಡು ವರ್ಷ.
ಬೀರುವಿನಲ್ಲಿ ಹತ್ತೊಂಬತ್ತು.
ಮೂವತ್ತೊಂದಾಯಿತಲ್ಲ, ಈಗೇನು ಬೆಲೆ ಹೇಳು.
ನಾನು ಕುಡಿಯಬಾರದಂತೆ.’

ವಯಸ್ಸು ಪೀಪಾಯಿಯದು ಸಾರ್,
ಗಾಜಿಗೆ ಇಳಿದ ದಿನವೇ ನಿಂತುಹೋಯಿತು.
ಹತ್ತೊಂಬತ್ತು ಆದದ್ದು ನಿಮಗೆ.

ಅವರು ಬಿಸಿಲಿಗೆ ಹಿಡಿದು ನೋಡಿದರು. ಎರಡು ಬೆರಳು ಇಳಿದಿತ್ತು.
‘ಮನೆಯಲ್ಲಿ ಯಾರೂ ಮುಟ್ಟಿಲ್ಲವಲ್ಲ!’
ಗಾಳಿ ಕುಡಿದಿದೆ, ಬಿಡಿ, ಅಂದೆ.

ಸೀಲಿದ್ದದ್ದು ನಾನು ಕೊಳ್ಳುವುದಿಲ್ಲ, ಅಬಕಾರಿಯವರ ಕಾಟ.
ಅಲ್ಲೇ ಚರಂಡಿಯಂಚಿಗೆ ಕುಕ್ಕರುಗಾಲಲ್ಲಿ ಕೂತು
ಬಿರಡೆ ಎಳೆದರು, ಅರ್ಧ ಪುಡಿಯಾಗಿ ಒಳಗೇ ಬಿತ್ತು.
ಹಸುವಿನ ಬಾಯಿಗೆ ಗೊಟ್ಟ ಹಾಕುವ ಕೈ,
ಒಂದು ಹನಿ ಆಚೀಚೆ ಚೆಲ್ಲಲಿಲ್ಲ.
ಓಣಿಗೆಲ್ಲ ಸುಟ್ಟ ಮರದ, ಕೊಳೆತ ಹಣ್ಣಿನ ವಾಸನೆ.
ನಾಯಿಯೊಂದು ಮೂಸಿ, ಸೀನಿ, ಹೋಯಿತು.

ಇಂಥ ಖಾಲಿಗೆ ನೂರೈವತ್ತು ಕೊಡುವವನೊಬ್ಬ ಇದ್ದಾನೆ.
ಲೇಬಲ್ಲು ಹರಿದಿರಬಾರದು.
ಏನು ತುಂಬುತ್ತೀಯ ಅಂತ ಕೇಳಬಾರದು.
ಅವನಿಗೆ ಬೇಕಾದದ್ದು ಜಿಂಕೆ.
ಡಾಕ್ಟರಿಗೆ ಐದು ರೂಪಾಯಿ ಕೊಟ್ಟೆ.
ಎಣಿಸುವಂತೆ ನೋಡಿ, ಟವಲಿನ ಮೂಲೆಗೆ ಗಂಟು ಹಾಕಿಕೊಂಡರು.

ಸಂಜೆ ಅದನ್ನೂ ತೊಟ್ಟಿಗೆ ಹಾಕಿದೆ.
ಅದರಲ್ಲಿ ನಿಜಕ್ಕೂ ಹಳೆಯದಾಗಿದ್ದದ್ದು ಅಂಟು ಒಂದೇ.
ಬಿಡಲು ಎರಡು ರಾತ್ರಿ ಹಿಡಿಯಿತು.